ನಡುವರ್ಷದ ತಿದ್ದುಪಡಿ

ಯಂತ್ರಗಳ ವಿಷಯವಾಗಿ ಬರೆಯುವವರು ಅವುಗಳ ವೇಗವನ್ನು ಕೊಂಡಾಡುವುದು ರೂಢಿ. ಫಾರ್ಮ್ಯುಲಾ ಒನ್ ಎಂಬ ಮೋಟಾರು ಪಂದ್ಯದ ಕಾರು ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿ ಓಡುವುದೆಂಬುದನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಆದರೆ ಆ ಕಾರಿನ ಬೇರೊಂದು ಗುಣವು ವಿದ್ಯಾರ್ಥಿಗಳಾದ ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದೆಂದು ನಮ್ಮ ಭಾವನೆ. ವರ್ಷದ ಮೊದಲನೆಯ ಪಂದ್ಯದಲ್ಲಿ ಓಡಿದ ಕಾರು ಕೊನೆಯ ಪಂದ್ಯದವರೆಗೆ ಹಾಗೆಯೇ ಉಳಿಯುವುದಿಲ್ಲ. ಹೆಸರು ಅದೇ, ಬಣ್ಣ ಅದೇ, ಚಾಲಕನೂ ಅವನೇ. ಆದರೆ ಮೂತಿ, ರೆಕ್ಕೆ, ಪಕ್ಕೆ, ತಳಭಾಗ ಇವೆಲ್ಲ ನಡುವೆ ಬದಲಾಗಿರುತ್ತವೆ. ಸೋತ ತಂಡವು ಮುಂದಿನ ವರ್ಷ ಬರಲೆಂದು ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಎರಡು ಪಂದ್ಯಗಳ ನಡುವಣ ವಾರಗಳಲ್ಲಿಯೇ ತನ್ನ ಕಾರನ್ನು ಅಳೆದು, ತಿದ್ದಿ, ಮತ್ತೆ ಅಳೆಯುತ್ತದೆ.

ಈ ಪದ್ಧತಿ ನಮ್ಮ ಶಾಲೆಗಳಿಗೂ ಬರಬೇಕು ಎಂಬುದೇ ನಾವು ಇಲ್ಲಿ ಮಂಡಿಸಬಯಸುವ ಅಭಿಪ್ರಾಯ. ಅರ್ಧವಾರ್ಷಿಕ ಪರೀಕ್ಷೆಯನ್ನು ನಾವು ತೀರ್ಪೆಂದು ಬಗೆಯುತ್ತೇವೆ. ಅದನ್ನು ಅಳತೆಯೆಂದು ಬಗೆಯಬೇಕು. ತೀರ್ಪಾದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಅಳತೆಯಾದ ಮೇಲೆ ಕೆಲಸವು ಮೊದಲಾಗುತ್ತದೆ.

ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ತಿದ್ದುವುದು ಮುಂಬಯಿಯ ಮಕ್ಕಳಿಗೆ ಹೊಸ ಸಂಗತಿಯೇನಲ್ಲ. ರವಿವಾರ ಬಂದಿತೆಂದರೆ ನಮ್ಮ ಲೋಕಲ್ ಗಾಡಿಗಳಿಗೆ ಮೆಗಾಬ್ಲಾಕ್. ಹಳಿ, ತಂತಿ, ಸಿಗ್ನಲ್ಲುಗಳ ಕೆಲಸಕ್ಕಾಗಿ ಕೆಲವು ತಾಸು ದಾರಿಯನ್ನು ಮುಚ್ಚುತ್ತಾರೆ. ಸೋಮವಾರ ಬೆಳಗ್ಗೆ ಗಾಡಿ ಮತ್ತೆ ಓಡುತ್ತದೆ. ನಮ್ಮ ಲೋಕಲ್ ಗಾಡಿಗಳು ಹಿಂದೆ 1,500 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ಓಡುತ್ತಿದ್ದವು. ಈಗ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿನಿಂದ ಓಡುತ್ತವೆ. ಪಶ್ಚಿಮ ರೈಲ್ವೆಯಲ್ಲಿ 2012ರಲ್ಲಿ ಮುಗಿದ ಈ ಬದಲಾವಣೆ ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ ಪೂರ್ತಿಯಾಯಿತು. ಅಷ್ಟು ವರ್ಷ ನಗರವು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ; ರೈಲ್ವೆಯೂ ನಗರವನ್ನು ನಿಲ್ಲಿಸಲಿಲ್ಲ. ಮೆಗಾಬ್ಲಾಕಿನ ದಿನ ಗೊಣಗುವವರು ಬಹಳ. ಆದರೆ ಆ ಕೆಲಸ ನಡೆಯದಿದ್ದರೆ ಗೊಣಗುವುದಕ್ಕೆ ಗಾಡಿಯೇ ಇರುತ್ತಿರಲಿಲ್ಲ.

ಪಂದ್ಯದ ಕಾರಿನಲ್ಲಿ ತಿದ್ದುವುದಾದರೂ ಏನನ್ನು? ಮುಖ್ಯವಾಗಿ ಗಾಳಿಯ ದಾರಿಯನ್ನು. ವಿಮಾನದ ರೆಕ್ಕೆಯು ವಿಮಾನವನ್ನು ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಜೋಡಿಸಿದರೆ ಅದು ಕಾರನ್ನು ನೆಲಕ್ಕೆ ಒತ್ತುತ್ತದೆ. ನೆಲಕ್ಕೆ ಒತ್ತಿದಷ್ಟೂ ಚಕ್ರಕ್ಕೆ ಹಿಡಿತ. ಹಿಡಿತವಿದ್ದಷ್ಟೂ ತಿರುವಿನಲ್ಲಿ ವೇಗ. ಆದರೆ ಒತ್ತುವ ರೆಕ್ಕೆಯೇ ಗಾಳಿಯನ್ನು ತಡೆದು ನೇರ ರಸ್ತೆಯಲ್ಲಿ ಕಾರನ್ನು ಹಿಂದಕ್ಕೆಳೆಯುತ್ತದೆ. ಒಂದನ್ನು ಗಳಿಸಹೋದರೆ ಇನ್ನೊಂದು ಕಳೆಯುತ್ತದೆ. ಈ ಎರಡರ ನಡುವೆ ಹದವನ್ನು ಹುಡುಕುವುದಕ್ಕಾಗಿಯೇ ಪ್ರತಿಯೊಂದು ತಂಡದಲ್ಲಿ ನೂರಾರು ಜನ ಎಂಜಿನಿಯರರು ದುಡಿಯುತ್ತಾರೆ.

ಹೊಸ ಭಾಗವೊಂದು ಮೊದಲು ಹುಟ್ಟುವುದು ಗಣಕಯಂತ್ರದ ಲೆಕ್ಕದಲ್ಲಿ. ಬಳಿಕ ಅದರ ಚಿಕ್ಕ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು, ಅದರ ಮೇಲೆ ಬಿರುಗಾಳಿಯನ್ನು ಹಾಯಿಸಿ ಪರೀಕ್ಷಿಸುತ್ತಾರೆ. ಈ ಮಾದರಿಯು ನಿಜವಾದ ಕಾರಿನ ನೂರರಲ್ಲಿ 60 ಪಾಲಿಗಿಂತ ದೊಡ್ಡದಿರಬಾರದೆಂಬುದು ನಿಯಮ. ಅಲ್ಲಿ ತೇರ್ಗಡೆಯಾದ ಭಾಗವನ್ನು ಸಾಮಾನ್ಯವಾಗಿ ಶುಕ್ರವಾರದ ಅಭ್ಯಾಸದ ಓಟದಲ್ಲಿ ಕಾರಿಗೆ ಜೋಡಿಸುತ್ತಾರೆ. ಕಾರಿನ ಮೈಗೆ ತೆಳುವಾದ ಬಣ್ಣವನ್ನು ಸವರಿ ಓಡಿಸಿದರೆ, ಗಾಳಿಯು ಹರಿದ ಜಾಡು ಆ ಬಣ್ಣದ ಗೆರೆಗಳಲ್ಲಿ ಮೂಡುತ್ತದೆ. ಎರಡು ಕಾರುಗಳಲ್ಲಿ ಒಂದಕ್ಕೆ ಹೊಸ ಭಾಗವನ್ನೂ ಇನ್ನೊಂದಕ್ಕೆ ಹಳೆಯದನ್ನೂ ಹಾಕಿ ತೂಗಿ ನೋಡುವುದೂ ಉಂಟು. ಲೆಕ್ಕವು ಒಂದನ್ನು ಹೇಳಿ ರಸ್ತೆಯು ಇನ್ನೊಂದನ್ನು ಹೇಳಿದರೆ, ರಸ್ತೆಯ ಮಾತೇ ನಿಜ. ಎಷ್ಟು ದೊಡ್ಡ ಎಂಜಿನಿಯರನಾದರೂ ಈ ಮಾತಿಗೆ ತಲೆಬಾಗಲೇಬೇಕು.

ಇದಕ್ಕೆ ನಮ್ಮ ದೇಶದ ಹೆಸರನ್ನೇ ಹೊತ್ತಿದ್ದ ಒಂದು ತಂಡದ ಉದಾಹರಣೆಯಿದೆ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರು 2007ರಲ್ಲಿ ಡಚ್ ಪಾಲುದಾರರೊಡನೆ ಕೊಂಡ ತಂಡವು 2008ರಿಂದ ಫೋರ್ಸ್ ಇಂಡಿಯಾ ಎಂಬ ಹೆಸರಿನಿಂದ ಸ್ಪರ್ಧಿಸತೊಡಗಿತು. ಅದರ ಕಾರ್ಯಾಗಾರ ಇದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಮೊದಲ 29 ಪಂದ್ಯಗಳಲ್ಲಿ ಅದಕ್ಕೆ ಒಂದೇ ಒಂದು ಅಂಕವೂ ದೊರೆತಿರಲಿಲ್ಲ. ಮುಂದೆ ಸ್ವಲ್ಪ ಸ್ವಲ್ಪವಾಗಿ ಮೇಲೇರಿದ ಆ ತಂಡವು 2015ರಲ್ಲಿ ಮತ್ತೆ ಸಂಕಟಕ್ಕೆ ಸಿಕ್ಕಿತು. ಒಂದು ಕಡೆ ಹಣದ ಅಡಚಣೆ. ಇನ್ನೊಂದು ಕಡೆ ಜರ್ಮನಿಯ ಕಲೋನ್ ನಗರದಲ್ಲಿರುವ ಟೊಯೋಟಾ ಸಂಸ್ಥೆಯ ಗಾಳಿಸುರಂಗಕ್ಕೆ ಪರೀಕ್ಷೆಗಳನ್ನು ಸಾಗಿಸಿದ್ದರಿಂದಾದ ವಿಳಂಬ. ವರ್ಷಾರಂಭಕ್ಕೆ ಮುಂಚಿನ ಪರೀಕ್ಷಾ ಓಟಗಳು 12 ದಿನ ನಡೆದರೆ, ಫೋರ್ಸ್ ಇಂಡಿಯಾದ ಹೊಸ ಕಾರು ಹೊರಗೆ ಬಂದುದು ಕೊನೆಯ ಮೂರು ದಿನಗಳಿಗೆ ಮಾತ್ರ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ತೆರೆದವನ ಸ್ಥಿತಿ ಅದು!

ಆಂಡ್ರೂ ಗ್ರೀನ್ ಎಂಬ ತಾಂತ್ರಿಕ ನಿರ್ದೇಶಕರ ಕೈಕೆಳಗೆ ಕೆಲಸ ಮಾಡುತ್ತಿದ್ದ ಆ ತಂಡವು ಇದ್ದ ಹಣವನ್ನೂ ಸಮಯವನ್ನೂ ಹತ್ತು ಕಡೆ ಹಂಚದೆ, ಅದೇ ಕಾರಿನ ಎರಡನೆಯ ಅವತಾರದ ಮೇಲೆ ಇಟ್ಟಿತು. 2015ರ ಜುಲೈ ತಿಂಗಳಿನಲ್ಲಿ, ವರ್ಷದ ಒಂಬತ್ತನೆಯ ಪಂದ್ಯವಾದ ಬ್ರಿಟಿಷ್ ಪಂದ್ಯಕ್ಕೆ ಆ ಕಾರು ಬಂದಿತು. ಅದರ ಮೂತಿಯಲ್ಲಿ ಮೂಗಿನ ಹೊಳ್ಳೆಗಳಂತಹ ಎರಡು ರಂಧ್ರಗಳಿದ್ದವು. ಗಾಳಿಯನ್ನು ಕಾರಿನ ಅಡಿಗೆ ಸರಾಗವಾಗಿ ಹರಿಯಿಸುವುದಕ್ಕೆ ಮಾಡಿದ ಉಪಾಯ ಅದು. ಇದರ ಫಲವನ್ನು ಲೆಕ್ಕದಿಂದಲೇ ನೋಡಬಹುದು. ಮೊದಲ 8 ಪಂದ್ಯಗಳಲ್ಲಿ ತಂಡವು ಗಳಿಸಿದ್ದು 31 ಅಂಕ. ಉಳಿದ 11 ಪಂದ್ಯಗಳಲ್ಲಿ ಗಳಿಸಿದ್ದು 105 ಅಂಕ. ಒಟ್ಟು 136 ಅಂಕಗಳೊಡನೆ ಅದು ಐದನೆಯ ಸ್ಥಾನಕ್ಕೆ ಏರಿತು. ಅದುವರೆಗೆ ಅಷ್ಟು ಮೇಲಿನ ಸ್ಥಾನ ಅದಕ್ಕೆ ದೊರೆತಿರಲಿಲ್ಲ. 2016 ಮತ್ತು 2017ರಲ್ಲಿ ನಾಲ್ಕನೆಯ ಸ್ಥಾನವೂ ಬಂದಿತು.

ಈ 105 ಅಂಕಗಳೆಲ್ಲ ಹೊಸ ಮೂತಿಯಿಂದಲೇ ಬಂದವೆಂದು ನಾವು ವಾದಿಸುವುದಿಲ್ಲ. ರಷ್ಯಾದ ಸೋಚಿಯಲ್ಲಿ ಚಾಲಕ ಸೆರ್ಜಿಯೋ ಪೆರೆಜ್ ಮೂರನೆಯವನಾಗಿ ಬಂದಾಗ, ಮುಂದಿದ್ದ ಇಬ್ಬರು ಕೊನೆಯ ಸುತ್ತಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡುದೂ ಅವನಿಗೆ ನೆರವಾಯಿತು. ಅದೃಷ್ಟವು ಎಲ್ಲ ಆಟಗಳಲ್ಲಿಯೂ ಇದ್ದೇ ಇದೆ. ಆದರೆ ಹಿಂದುಳಿದು ಏಳನೆಯ ಎಂಟನೆಯ ಸ್ಥಾನದಲ್ಲಿ ಓಡುತ್ತಿದ್ದವನಿಗೆ ಅಂತಹ ಅದೃಷ್ಟವು ಕೈಗೆಟಕುವುದಿಲ್ಲ. ಅದನ್ನು ಹಿಡಿಯುವಷ್ಟು ಹತ್ತಿರಕ್ಕೆ ಅವನನ್ನು ತಂದು ನಿಲ್ಲಿಸಿದ್ದು ದುಡಿಮೆ.

ಸುಧಾರಣೆಯ ಹಾದಿಯು ಹೂವಿನ ಹಾಸಿಗೆಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಹೊಸ ಕಾರು ಬಂದ ಮರುಪಂದ್ಯವು ಹಂಗೇರಿಯಲ್ಲಿ ನಡೆಯಿತು. ಜುಲೈ 24ರ ಅಭ್ಯಾಸದಲ್ಲಿ ಪೆರೆಜ್‌ನ ಕಾರಿನ ಹಿಂದಿನ ಸಸ್ಪೆನ್ಷನ್ ಮುರಿದು ಕಾರು ಮಗುಚಿ ಬಿದ್ದಿತು. ದೈವವಶಾತ್ ಅವನಿಗೆ ಪೆಟ್ಟಾಗಲಿಲ್ಲ. ಕಾರಣವನ್ನು ತಿಳಿಯುವವರೆಗೆ ತಂಡವು ಆ ದಿನದ ಎರಡನೆಯ ಅಭ್ಯಾಸಕ್ಕೆ ಇಳಿಯಲೇ ಇಲ್ಲ. ಜುಲೈ 26ರ ಪಂದ್ಯದಲ್ಲಿ ಇನ್ನೊಬ್ಬ ಚಾಲಕ ನಿಕೋ ಹುಲ್ಕನ್‌ಬರ್ಗ್‌ನ ಕಾರಿನ ಮುಂದಿನ ರೆಕ್ಕೆ ಪೂರ್ಣ ವೇಗದಲ್ಲಿ ಕಳಚಿಬಿದ್ದಿತು. ಆ ವಾರ ತಂಡಕ್ಕೆ ದೊರೆತ ಅಂಕ ಸೊನ್ನೆ. ಅಲ್ಲಿಯೇ ಎದೆಗುಂದಿ ಹಳೆಯ ಕಾರಿಗೆ ಮರಳಿದ್ದರೆ ಮುಂದಿನ 97 ಅಂಕಗಳ ಕಥೆ ಏನಾಗುತ್ತಿತ್ತೋ ಯಾರು ಬಲ್ಲರು? ಮುರಿದ ಭಾಗವನ್ನು ಸರಿಪಡಿಸುವುದು ಬೇರೆ, ಹಿಡಿದ ದಾರಿಯನ್ನೇ ಬಿಡುವುದು ಬೇರೆ ಎಂಬ ವಿವೇಕ ಅವರಿಗಿತ್ತು.

ಹಾಗೆಂದು ಹಿಡಿದುದನ್ನು ಎಂದಿಗೂ ಬಿಡಬಾರದೆಂದಲ್ಲ. ಇಟಲಿಯ ಫೆರಾರಿ ತಂಡವು 2024ರ ಜೂನ್ ತಿಂಗಳಿನಲ್ಲಿ ಸ್ಪೇನಿನ ಪಂದ್ಯಕ್ಕೆ ಹೊಸ ಭಾಗಗಳನ್ನು ತಂದಿತು. ವೇಗದ ತಿರುವುಗಳಲ್ಲಿ ಕಾರು ಕುಪ್ಪಳಿಸತೊಡಗಿತು. ಫೆರಾರಿಯವರು ಮಾನಾಪಮಾನದ ಮಾತೆತ್ತದೆ ಸಿಲ್ವರ್‌ಸ್ಟೋನಿನಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿ, ಹಳೆಯ ತಳಭಾಗಕ್ಕೆ ಮರಳಿದರು. ಬಳಿಕ ಮತ್ತೊಂದನ್ನು ರಚಿಸಿ, ಸೆಪ್ಟೆಂಬರ್ 1ರಂದು ತಮ್ಮ ತವರುನಾಡಿನ ಮೊಂಜಾದಲ್ಲಿ ಗೆದ್ದರು. ಇನ್ನೊಂದು ಕಡೆ, 2023ರಲ್ಲಿ ಮೊದಲ 8 ಪಂದ್ಯಗಳಿಂದ ಬರೇ 17 ಅಂಕ ಗಳಿಸಿದ್ದ ಮೆಕ್‌ಲಾರೆನ್ ತಂಡವು, ಆಸ್ಟ್ರಿಯಾದ ಪಂದ್ಯದಿಂದ ಮೊದಲುಗೊಂಡು ಕಾರನ್ನು ತಿದ್ದಿ, ವರ್ಷಾಂತ್ಯಕ್ಕೆ 302 ಅಂಕಗಳೊಡನೆ ನಾಲ್ಕನೆಯದಾಯಿತು. 2024 ಮತ್ತು 2025ರಲ್ಲಿ ತಂಡಗಳ ಪ್ರಶಸ್ತಿಯನ್ನೇ ಗೆದ್ದುಕೊಂಡಿತು. ಫೆರಾರಿಯು ಹಿಂದಕ್ಕೆ ಹೆಜ್ಜೆಯಿಟ್ಟಿತು, ಮೆಕ್‌ಲಾರೆನ್ ಮುಂದಕ್ಕೆ. ಇಬ್ಬರೂ ನಂಬಿದ್ದು ಅಳತೆಯ ಮಾತನ್ನೇ.

ಎಲ್ಲ ಪಂದ್ಯಗಳಲ್ಲಿಯೂ ಹೀಗೆ ತಿದ್ದುವುದಕ್ಕೆ ಅವಕಾಶವಿಲ್ಲ. ನಮ್ಮ ಕಾಂದಿವಲಿಯಲ್ಲಿ ಟ್ರ್ಯಾಕ್ಟರುಗಳ ಕಾರಖಾನೆಯನ್ನು ನಡೆಸುವ ಮಹೀಂದ್ರಾ ಸಂಸ್ಥೆಯು, ಫಾರ್ಮ್ಯುಲಾ ಇ ಎಂಬ ವಿದ್ಯುತ್ ಕಾರುಗಳ ಪಂದ್ಯದಲ್ಲಿ 2014ರ ಮೊದಲ ವರ್ಷದಿಂದಲೂ ಇದೆ. ಖರ್ಚು ಹೆಚ್ಚಬಾರದೆಂದು ಅಲ್ಲಿ ಯಂತ್ರಭಾಗಗಳಿಗೆ ಮೊದಲೇ ಮುದ್ರೆಯೊತ್ತಿಬಿಡುತ್ತಾರೆ. ಆಮೇಲೆ ಕಾರಿನ ಗಣಕಕ್ಕೆ ಕೊಡುವ ಆಜ್ಞೆಗಳನ್ನು ಸುಧಾರಿಸಬಹುದೇ ಹೊರತು, ಸುರಕ್ಷತೆಯಂತಹ ಕಾರಣವಿಲ್ಲದೆ ಯಂತ್ರವನ್ನು ಬದಲಿಸುವಂತಿಲ್ಲ. 2023ರ ಫೆಬ್ರುವರಿ 25ರಂದು ಕೇಪ್‌ಟೌನಿನಲ್ಲಿ, ಹಿಂದಿನ ಸಸ್ಪೆನ್ಷನ್ ನಂಬುವಂತಿಲ್ಲವೆಂದು ಕಂಡು ಮಹೀಂದ್ರಾ ತಂಡವು ತನ್ನ ಎರಡು ಕಾರುಗಳನ್ನೂ ಪಂದ್ಯದಿಂದ ಹಿಂದಕ್ಕೆ ತೆಗೆದುಕೊಂಡಿತು. ಸಾವಿರಾರು ಮೈಲಿ ದೂರ ಹೋಗಿ ಓಡದೆ ಮರಳುವುದು ಸುಲಭದ ನಿರ್ಧಾರವಲ್ಲ. ಚಾಲಕರ ಜೀವಕ್ಕಿಂತ ಪಂದ್ಯವು ದೊಡ್ಡದಲ್ಲವೆಂದು ತಿಳಿದವರು ಮಾತ್ರ ಅದನ್ನು ಕೈಗೊಳ್ಳಬಲ್ಲರು. ಆ ವರ್ಷ 11 ತಂಡಗಳಲ್ಲಿ ಮಹೀಂದ್ರಾ 10ನೆಯದಾಯಿತು. ಹೊಸ ಯಂತ್ರಕ್ಕೆ ಅನುಮತಿ ದೊರೆತ 2024–25ರಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ನಡುವಣ ಕಾಲವನ್ನು ತಂಡವು ಕಾಯುತ್ತ ಕಳೆಯಬೇಕಾಯಿತು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ತಪ್ಪು ಎಲ್ಲಿದೆಯೆಂದು ಬಲ್ಲವನನ್ನೂ ವರ್ಷಗಟ್ಟಲೆ ಕಾಯಿಸುವುದು ಕಠಿನವಾದ ಶಿಕ್ಷೆಯೆಂದೇ ನಮಗೆ ತೋರುತ್ತದೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ನಡುವೆ ತಿದ್ದಲು ಬಿಟ್ಟರೆ ಹಣವಿದ್ದವನೇ ಗೆಲ್ಲುತ್ತಾನೆ. ಎಲ್ಲರಿಗೂ ಒಂದೇ ಬಗೆಯ ಕಾರನ್ನು ಕೊಟ್ಟು ಓಡಿಸುವುದೇ ನ್ಯಾಯವೆಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ತಿರುಳಿಲ್ಲದಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಜಹಾನ್ ದಾರುವಾಲಾ 2020ರಿಂದ 2023ರವರೆಗೆ ಸ್ಪರ್ಧಿಸಿದ ಫಾರ್ಮ್ಯುಲಾ ಟೂ ಪಂದ್ಯದಲ್ಲಿ ಎಲ್ಲರ ಕಾರೂ ಒಂದೇ ಕಾರಖಾನೆಯದು. ಆದರೆ ಅಲ್ಲಿಯೂ ರೆಕ್ಕೆಯ ಓರೆ, ಟಾಯರಿನ ಗಾಳಿ, ಸ್ಪ್ರಿಂಗಿನ ಬಿಗಿ ಇವನ್ನು ಹೊಂದಿಸುವ ಕೆಲಸ ಇದ್ದೇ ಇದೆ. ಸಾಧನವನ್ನು ಬದಲಿಸಲಾಗದವನು ಅದನ್ನು ಬಳಸುವ ಬಗೆಯನ್ನಾದರೂ ತಿದ್ದಿಕೊಳ್ಳಬಹುದು. ಪ್ರಯೋಗಶಾಲೆ ಚಿಕ್ಕದು, ಪುಸ್ತಕಭಂಡಾರ ಬಡವಾದುದು ಎಂದು ಕೊರಗುವ ನಮಗೆ ಇದು ನೆನಪಿರಬೇಕು. ಕುಣಿಯಲಾರದವಳು ನೆಲ ಡೊಂಕೆಂದಳಂತೆ!

ಹಣದ ಆಕ್ಷೇಪಕ್ಕೆ ಫಾರ್ಮ್ಯುಲಾ ಒನ್ನಿನವರೇ ಒಂದು ಉತ್ತರವನ್ನು ಕಂಡುಕೊಂಡಿದ್ದಾರೆ. 2021ರಿಂದ ತಂಡಗಳ ವಾರ್ಷಿಕ ಖರ್ಚಿಗೆ ಮಿತಿಯನ್ನು ಹಾಕಿದರು. ಮೊದಲ ವರ್ಷ ಅದು ಸುಮಾರು 14 ಕೋಟಿ 50 ಲಕ್ಷ ಡಾಲರ್. ಅಷ್ಟೇ ಅಲ್ಲ, ಗಾಳಿಸುರಂಗದ ಪರೀಕ್ಷೆಗಳನ್ನೂ ಗಣಕದ ಲೆಕ್ಕಗಳನ್ನೂ ಸ್ಥಾನಕ್ಕೆ ತಕ್ಕಂತೆ ಹಂಚುತ್ತಾರೆ. 2022ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ ಮೊದಲನೆಯ ತಂಡಕ್ಕೆ ನಿಗದಿಯಾದ ಪರಿಮಾಣದಲ್ಲಿ ನೂರಕ್ಕೆ 70 ಮಾತ್ರ, ಎರಡನೆಯದಕ್ಕೆ 75, ಹೀಗೆ ಐದೈದು ಏರುತ್ತ ಹತ್ತನೆಯದಕ್ಕೆ 115. ವರ್ಷದ ನಡುವೆ, ಜೂನ್ ತಿಂಗಳ ಕೊನೆಗೆ, ಆಗಿನ ಸ್ಥಾನಗಳನ್ನು ನೋಡಿ ಈ ಹಂಚಿಕೆಯನ್ನು ಮತ್ತೆ ಮಾಡುತ್ತಾರೆ. ಗೆದ್ದವನನ್ನು ದಂಡಿಸುವುದು ಇದರ ಉದ್ದೇಶವಲ್ಲ. ಅವನು ಕಡಿಮೆ ಪರೀಕ್ಷೆಯಿಂದಲೂ ಗೆಲ್ಲಬಹುದು. ಹಿಂದೆ ಬಿದ್ದವನಿಗೆ ಎದ್ದು ಬರುವ ಕಾಲಾವಕಾಶ ದೊರೆಯಬೇಕೆಂಬುದೇ ಇದರ ಮರ್ಮ.

ಕೋಟ್ಯಂತರ ಡಾಲರುಗಳ ಈ ಆಟದವರಿಗೆ ಹೊಳೆದ ನ್ಯಾಯವು ಶಾಲೆಗಳಿಗೆ ಹೊಳೆದಿದೆಯೇ? ದೀಪಾವಳಿಯ ರಜೆಗೆ ಮುಂಚೆ ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತದೆ. ಅಂಕಗಳನ್ನು ಓದಿ ಹೇಳುತ್ತಾರೆ. ಮುಂದಿದ್ದವರನ್ನು ಇನ್ನೂ ಮುಂದಕ್ಕೆ ಕೊಂಡೊಯ್ಯಲು ವಿಶೇಷ ತರಗತಿಗಳು ನಡೆಯುವುದನ್ನು ನಗರದ ಎಷ್ಟೋ ಕಡೆ ಕಾಣುತ್ತೇವೆ. ಹಿಂದಿದ್ದವನಿಗೆ ಏನು ದೊರೆಯುತ್ತದೆ? ಹೆಚ್ಚೆಂದರೆ ಬೈಗುಳ, ಇಲ್ಲವೇ ಮೌನ. ಎರಡೂ ತಿದ್ದುಪಡಿಗಳಲ್ಲ.

ಕನ್ನಡ ಮಾಧ್ಯಮದಲ್ಲಿ ಓದುವ ನಮಗೆ ಈ ವಿಷಯವು ಬರಿಯ ಅಂಕಗಳ ವಿಷಯವಲ್ಲ. ಈ ಮಹಾನಗರದಲ್ಲಿ ನಮ್ಮ ಶಾಲೆಗಳ ಬೆಂಚುಗಳು ವರ್ಷವರ್ಷಕ್ಕೆ ಖಾಲಿಯಾಗುತ್ತಿರುವುದನ್ನು ನಾವೇ ಕಣ್ಣಾರೆ ನೋಡುತ್ತಿದ್ದೇವೆ. ಗಣಿತದಲ್ಲಿಯೋ ಇಂಗ್ಲಿಷಿನಲ್ಲಿಯೋ ಒಬ್ಬನು ಹಿಂದುಳಿದನೆಂದರೆ, ಮನೆಯವರು ಕನ್ನಡ ಶಾಲೆಯನ್ನೇ ದೂರಿ ಅವನನ್ನು ಬೇರೆ ಕಡೆಗೆ ಸಾಗಿಸುತ್ತಾರೆ. ಅಥವಾ ಓದು ಅವನ ತಲೆಗೆ ಹತ್ತದೆಂದು ತೀರ್ಮಾನಿಸಿ ಕೆಲಸಕ್ಕೆ ಹಚ್ಚುತ್ತಾರೆ. ಆ ಹುಡುಗನ ಕಾರಿಗೆ ಬೇಕಾಗಿದ್ದುದು ಒಂದು ಹೊಸ ರೆಕ್ಕೆ ಮಾತ್ರ. ಅದನ್ನು ಯಾರೂ ಅಳೆಯಲಿಲ್ಲವಾದುದರಿಂದ ಕಾರನ್ನೇ ಮೂಲೆಗೆ ಎಸೆದಂತಾಯಿತು.

ಹೀಗಿರಲು ನಮ್ಮ ಸಲಹೆಗಳು ಮೂರು. ಮೊದಲನೆಯದಾಗಿ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದೊಡನೆ ನಾವು ಒಟ್ಟು ಅಂಕವನ್ನು ನೋಡಿ ಮಡಚಿಡದೆ, ಕಳೆದುಹೋದ ಒಂದೊಂದು ಅಂಕದ ಮುಂದೆಯೂ ಕಾರಣವನ್ನು ಬರೆಯಬೇಕು: ತಿಳಿಯದೆ ಹೋಯಿತೇ, ತಿಳಿದೂ ತಪ್ಪು ಬರೆದೆವೇ, ಹೊತ್ತು ಸಾಲಲಿಲ್ಲವೇ? ಕಾರಿನ ಮೈಮೇಲೆ ಸವರಿದ ಬಣ್ಣದ ಗೆರೆಗಳಂತೆ ಈ ಮೂರು ಕಾರಣಗಳು ನಮ್ಮ ದೋಷದ ಜಾಡನ್ನು ತೋರಿಸುತ್ತವೆ. ಹೊತ್ತು ಸಾಲದವನು ಇನ್ನಷ್ಟು ಬಾಯಿಪಾಠ ಮಾಡಿ ಫಲವೇನು? ಅವನು ಗಡಿಯಾರವನ್ನಿಟ್ಟುಕೊಂಡು ಬರೆಯುವುದನ್ನು ಕಲಿಯಬೇಕು.

ಎರಡನೆಯದಾಗಿ, ಒಮ್ಮೆಗೆ ಒಂದನ್ನು ಮಾತ್ರ ತಿದ್ದಬೇಕು. ರಜೆ ಮುಗಿದ ಉತ್ಸಾಹದಲ್ಲಿ ನಸುಕಿಗೇಳುವುದು, ಹೊಸ ವೇಳಾಪಟ್ಟಿ, ಹೊಸ ಪುಸ್ತಕ, ಆಟಕ್ಕೆ ಬಿಡುವಿಲ್ಲ ಎಂದು ಎಲ್ಲವನ್ನೂ ಒಂದೇ ದಿನ ಹೂಡಿದರೆ, ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ. ಒಂದು ತಿಂಗಳು ಒಂದೇ ಬದಲಾವಣೆ. ತಿಂಗಳ ಕೊನೆಗೆ ಒಂದು ಚಿಕ್ಕ ಪರೀಕ್ಷೆ. ಗುಣ ಕಂಡರೆ ಉಳಿಸಿಕೊಳ್ಳೋಣ. ಕಾಣದಿದ್ದರೆ ಫೆರಾರಿಯವರಂತೆ ಸಂಕೋಚವಿಲ್ಲದೆ ಬಿಟ್ಟುಬಿಡೋಣ. ನಮ್ಮ ಪೊವಾಯಿಯ ಐ.ಐ.ಟಿ.ಯ ವಿದ್ಯಾರ್ಥಿಗಳು ತಾವೇ ವಿದ್ಯುತ್ ಪಂದ್ಯದ ಕಾರನ್ನು ರಚಿಸಿ ಇಂಗ್ಲೆಂಡಿನ ವಿದ್ಯಾರ್ಥಿಸ್ಪರ್ಧೆಗೆ ಕೊಂಡೊಯ್ದವರು. ಆ ಸ್ಪರ್ಧೆಯಲ್ಲಿ ಕಾರು ಓಡುವುದಕ್ಕೆ ಮಾತ್ರವಲ್ಲದೆ, ಅದನ್ನು ಹೀಗೇಕೆ ರಚಿಸಿದಿರಿ ಎಂಬ ಪ್ರಶ್ನೆಗೆ ಕೊಡುವ ಉತ್ತರಕ್ಕೂ ಅಂಕಗಳುಂಟು. ನಮ್ಮ ಓದಿನ ಕ್ರಮಕ್ಕೂ ಈ ಪ್ರಶ್ನೆಯನ್ನು ಹಾಕಿಕೊಳ್ಳಬಾರದೇಕೆ?

ಮೂರನೆಯದು ಹಿರಿಯರಲ್ಲಿ ನಮ್ಮ ವಿನಂತಿ. ಶಾಲೆಯ ಹೆಚ್ಚಿನ ಹೊತ್ತನ್ನು ಹಿಂದಿದ್ದವರಿಗೆ ಹೆಚ್ಚಾಗಿ, ಮುಂದಿದ್ದವರಿಗೆ ಮಿತವಾಗಿ ಹಂಚಬೇಕು. ಮುಂದಿದ್ದ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ತಮ್ಮ ಜೊತೆಯವರಿಗೆ ಹೇಳಿಕೊಡಲಿ. ಇನ್ನೊಬ್ಬರಿಗೆ ಹೇಳಿಕೊಟ್ಟಾಗ ತಮಗೂ ಪಾಠ ನಿಚ್ಚಳವಾಗುವುದು. ಇದರಿಂದ ಬುದ್ಧಿವಂತರಿಗೆ ಅನ್ಯಾಯವಾಗುವುದೆಂದು ಹೇಳುವವರಿಗೆ, ನೂರಕ್ಕೆ 70ರ ಪಾಲಿನಲ್ಲಿಯೇ ಪ್ರಶಸ್ತಿ ಗೆದ್ದವರ ನಿದರ್ಶನವನ್ನು ತೋರಿಸುತ್ತೇವೆ.

ನಡುದಾರಿಯಲ್ಲಿ ತಿದ್ದಿಕೊಂಡು ಮುಂದೆ ಬರುವುದು ಮುಂಬಯಿಯ ಕನ್ನಡಿಗರಿಗೆ ಪರಕೀಯವಾದ ವಿದ್ಯೆಯೂ ಅಲ್ಲ. ಊರಿನಲ್ಲಿ ಶಾಲೆ ಬಿಟ್ಟು ಈ ನಗರಕ್ಕೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳ ದೀಪದ ಕೆಳಗೆ ಓದಿ, ಕಚೇರಿ ನ್ಯಾಯಾಲಯಗಳಲ್ಲಿ ಗೌರವದ ಸ್ಥಾನಗಳನ್ನು ಪಡೆದವರ ದೊಡ್ಡ ಪರಂಪರೆಯೇ ನಮಗಿದೆ. ವರ್ಷ ಕಳೆದುಹೋಯಿತೆಂದು ಅವರು ಕುಳಿತಿದ್ದರೆ ಇಂದಿನ ನಮ್ಮ ಶಾಲೆಗಳಿಗೆ ಹಿತೈಷಿಗಳೇ ಇರುತ್ತಿರಲಿಲ್ಲ.

ಫೋರ್ಸ್ ಇಂಡಿಯಾ ಎಂಬ ಹೆಸರು ಈಗ ಪಂದ್ಯಗಳಲ್ಲಿ ಇಲ್ಲ. ಮಾಲಿಕರ ಸಾಲದ ವ್ಯವಹಾರಗಳು ನ್ಯಾಯಾಲಯದ ಮೆಟ್ಟಿಲೇರಿದವು. 2018ರ ಜುಲೈ ತಿಂಗಳಿನಲ್ಲಿ ತಂಡವೇ ಸಾಲಗಾರರ ಸಲುವಾಗಿ ನೇಮಕವಾದ ಆಡಳಿತಗಾರರ ವಶಕ್ಕೆ ಹೋಗಿ, ಬಳಿಕ ಬೇರೆಯವರ ಪಾಲಾಯಿತು. ಕಾರನ್ನು ತಿದ್ದಿದವರಷ್ಟೇ ಎಚ್ಚರದಿಂದ ಲೆಕ್ಕದ ಪುಸ್ತಕವನ್ನೂ ತಿದ್ದಿದ್ದರೆ ಎಂದು ಯಾರಿಗಾದರೂ ಅನಿಸದಿರದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದುದಲ್ಲ.

ವಿದ್ಯಾರ್ಥಿ ಬಂಧುಗಳೇ, ಮಾರ್ಚ್ ತಿಂಗಳಿಗೆ ಇನ್ನೂ ಕಾಲವಿದೆ. ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ಇಂದೇ ಹೊರಗೆ ತೆಗೆಯಿರಿ; ಕಳೆದುಹೋದ ಮೊದಲನೆಯ ಅಂಕದ ಮುಂದೆ ಕಾರಣವನ್ನು ಬರೆಯಿರಿ. ಪಕ್ಕದ ಬೆಂಚಿನವನ ಪತ್ರಿಕೆಯಲ್ಲಿ ಅಂತಹ ಅಂಕಗಳು ನಿಮ್ಮದಕ್ಕಿಂತ ಹೆಚ್ಚಾಗಿದ್ದರೆ, ಅವನ ಜೊತೆಗೆ ಕುಳಿತು ಬರೆಯಿರಿ.